ಬೆಳೆಯದ ಬಸವನಹುಳು

ಫೆಬ್ರವರಿ 6

ಅಕ್ಕಾ,

ಈ ಸಲ ಮೊದಲು ಸುದ್ದಿ, ಕ್ಷೇಮಸಮಾಚಾರ ಆಮೇಲೆ. ದೊಡ್ಡ ಪದಕ ನನಗೇ ಬಂದಿದೆ. ಜೀವವಿಕಾಸದ ನಮ್ಮ ಕಸುಬಿನಲ್ಲಿ ಅದಕ್ಕಿಂತ ಮೇಲಿನದು ಇನ್ನೊಂದಿಲ್ಲ. ಇದ್ದರೆ ಕಾರಿಡಾರಿನ ಗೋಡೆಯ ಮೇಲೆ ತೂಗುಹಾಕುವ ಫೋಟೋ, ಅದಕ್ಕೆ ಮೊದಲು ಸಾಯಬೇಕು. ಅಕಾಡೆಮಿಯ ಕಾರ್ಯದರ್ಶಿ ಫೋನು ಮಾಡಿದಾಗ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಅಭಿನಂದನೆ ಸ್ವೀಕರಿಸಿದೆ.

ಕಾಗದದಲ್ಲಿ 'ಜೀವಮಾನದ ಸಾಧನೆಗೆ' ಎಂದಿದೆ. ಆದರೆ ಕೊಡುತ್ತಿರುವುದು ಗುಬ್ಬಿಯ ಹುಳುವಿಗೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಏಪ್ರಿಲ್ ಕೊನೆಗೆ ಸಮಾರಂಭ. ಭಾಷಣವನ್ನು ನಿನ್ನ ಮೇಲೆಯೇ ಅಭ್ಯಾಸ ಮಾಡಿಬಿಡುತ್ತೇನೆ, ನೂರು ಸಲ ಕೇಳಿದ್ದರೂ ಸಹಿಸಿಕೋ. ಗುಡ್ಡದ ಬುಡದಲ್ಲಿ, ಸುಣ್ಣದ ಕಲ್ಲಿನ ಗಣಿಯ ಸುತ್ತ, ಸಾಮಾನ್ಯ ಬಸವನಹುಳು ಇದೆ. ಬೆಳೆದಾಗ ಅದರ ಚಿಪ್ಪು ದಪ್ಪ. ಗುಡ್ಡದ ನೆತ್ತಿಯ ಕೆಂಪು ಮಣ್ಣಿನಲ್ಲಿ ಸುಣ್ಣವೇ ಇಲ್ಲ. ಅಲ್ಲಿರುವುದು ಬೇರೆಯೇ ಜಾತಿ. ಅದರ ಚಿಪ್ಪು ಉಗುರಿನಷ್ಟು ತೆಳು, ಮರಿಯ ಚಿಪ್ಪಿನ ಹಾಗೆ. ಸುಣ್ಣ ಸಿಗದ ಕಡೆ ಅದು ಬೆಳೆಯುವುದನ್ನೇ ಬಿಟ್ಟುಕೊಟ್ಟು ಬದುಕಲು ಕಲಿತಿದೆ. ಎಳೆತನದಲ್ಲೇ ಮೊಟ್ಟೆಯಿಡುತ್ತದೆ, ಎಳೆತನದಲ್ಲೇ ಮುಪ್ಪಾಗುತ್ತದೆ. 'ಬೆಳೆಯದೆ ಇರುವುದೇ ಅದರ ಗೆಲುವು.' ಇಲ್ಲಿ ಚಪ್ಪಾಳೆಗೆ ಸ್ವಲ್ಪ ಹೊತ್ತು ಬಿಡುತ್ತೇನೆ. ಆಮೇಲೆ, ಆ ಹುಳು ನನಗೆ ಸಿಕ್ಕ ವರ್ಷವೇ ನನ್ನ ಅಕ್ಕನ ಏಳು ವರ್ಷದ ಮಗಳು ಗುಬ್ಬಿ ಜ್ವರದಲ್ಲಿ ಹೋದದ್ದು, ಹುಳುವಿಗೆ ಅವಳ ಹೆಸರಿಟ್ಟದ್ದು, ಎಲ್ಲ ಹೇಳುತ್ತೇನೆ.

ನೀನು ಬರಲೇಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಸಿದ್ದೇನೆ. ಗುಬ್ಬಿಯ ಸ್ಕೂಲಿನ ಫೋಟೋ ತಾ. ಹುಳುವಿನ ಚಿತ್ರದ ಪಕ್ಕದಲ್ಲಿ ಅದನ್ನು ಪರದೆಯ ಮೇಲೆ ತೋರಿಸುತ್ತಾರೆ.

ಕ್ಷೇಮಸಮಾಚಾರ ಏನೆಂದರೆ, ಮೊಣಕಾಲು ನೋವು ಹಾಗೇ ಇದೆ.

ನಿನ್ನ ತಮ್ಮ


ಫೆಬ್ರವರಿ 17

ಪದಕದ ತಮ್ಮಾ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಜೋರಾಗಿ ಓದಿ ಹೇಳಿದೆ. ಬಸ್ಸು ಓಡಿಸುವುದನ್ನು ಬಿಟ್ಟಮೇಲೆ ಅವರಿಗೆ ಯಾವ ಸುದ್ದಿಗೂ ಅವಸರವಿಲ್ಲ. ಎಲ್ಲ ಕೇಳಿ, ಲೋಟ ಕೆಳಗಿಟ್ಟು, "ಅಲ್ಲಾ ಕಣೇ, ಪದಕ ಹುಳಕ್ಕೋ, ಇವನಿಗೋ?" ಎಂದರು. ಇಬ್ಬರಿಗೂ ಎಂದೆ. "ಹಂಗಾದ್ರೆ ಹುಳಾನೂ ಸ್ಟೇಜ್ ಮೇಲೆ ಕೂರಿಸ್ಲಿ" ಎಂದು ಮತ್ತೆ ಲೋಟ ಎತ್ತಿಕೊಂಡರು. ಅವರು ಗುಬ್ಬಿಯ ಸುದ್ದಿ ಬಂದಾಗ ಇಷ್ಟು ಮಾತಾಡಿದ್ದೇ ಹೆಚ್ಚು.

ನನಗೆ ಸಂತೋಷವಾಗಿದೆ ಎಂದು ಬಿಡಿಸಿ ಬರೆಯಬೇಕೇ? ನಿಕ್ಕರಿನ ಜೇಬಿನಲ್ಲಿ ಹುಳು ತುಂಬಿಕೊಂಡು ಬಂದು, ಒಗೆಯುವಾಗ ನನ್ನ ಕೈಗೆ ಅಂಟಿಸಿದವನು ನೀನು. ಆಗಲೇ ನಿನಗೆ ಎರಡೇಟು ಕಮ್ಮಿ ಹಾಕಿದ್ದರ ಫಲ ಇದು.

ಅಂಗಡಿಯಲ್ಲಿ ಜೂನಿನ ಸ್ಕೂಲು ಯೂನಿಫಾರಮ್ಮಿನ ಕೆಲಸ ಈಗಲೇ ಶುರುವಾಗಿದೆ. ಬರುವ ತಾಯಂದಿರದೆಲ್ಲ ಒಂದೇ ಮಾತು: "ಬೆಳೆಯೋ ಮಕ್ಳು, ಎರಡು ಬೆರಳು ಜಾಸ್ತಿ ಮಡಚಿ ಹೊಲೀರಿ." ನಾನೂ ಮಡಚಿ ಹೊಲಿಯುತ್ತೇನೆ. ಮುಂದಿನ ವರ್ಷ ಅದೇ ಮಕ್ಕಳು ಮಡಿಕೆ ಬಿಚ್ಚಿಸಲು ಬರುತ್ತಾರೆ. ಮಿಷನ್ನಿನ ಸದ್ದಿಗೆ ನನ್ನ ಕಿವಿ ಮುಕ್ಕಾಲು ಹೋಗಿದೆ, ಆದ್ದರಿಂದ ಫೋನು ಮಾಡುವ ಕಷ್ಟ ತೆಗೆದುಕೊಳ್ಳಬೇಡ.

ಫೋಟೋ ಇರುವುದು ಒಂದೇ. ಅದನ್ನು ಪೋಸ್ಟಿಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಅದರಲ್ಲಿ ಅವಳ ನೀಲಿ ಫ್ರಾಕು ಅವಳಿಗಿಂತ ದೊಡ್ಡದಾಗಿದೆ. ನಾನೇ ಹೊಲಿದದ್ದು, ಎರಡಲ್ಲ, ಮೂರು ಬೆರಳು ಮಡಚಿ. ಫ್ರಾಕು ಇನ್ನೂ ಟ್ರಂಕಿನಲ್ಲಿದೆ.

ಕೊನೆಗೆ ಮಾಮೂಲು ಪ್ರಶ್ನೆ. ಅವಳು ಹೇಗಿದ್ದಾಳೆ?

ಅಕ್ಕ


ಮಾರ್ಚ್ 15

ಅಕ್ಕಾ,

ಉತ್ತರ ತಡವಾಯಿತು. ಕೆಲಸದ ಒತ್ತಡ.

ಫೋಟೋ ತರುವುದು ಬೇಡ. ಕಾರ್ಯಕ್ರಮದಲ್ಲಿ ಸಮಯ ಕಡಿಮೆ, ಪರದೆಯ ಏರ್ಪಾಡು ಸರಿಯಿರುತ್ತದೋ ಇಲ್ಲವೋ. ನೀನು ಬರುವ ವಿಷಯವನ್ನೂ ಇನ್ನೊಮ್ಮೆ ಯೋಚಿಸು. ದೂರದ ಪ್ರಯಾಣ, ಸಭೆಯಲ್ಲಿ ಆಡುವ ಮಾತೂ ನಿನಗೆ ಕೇಳಿಸುವುದಿಲ್ಲ.

ಲ್ಯಾಬಿನಲ್ಲಿ ಒಬ್ಬಳು ಶಿಷ್ಯೆಯ ಕಾಟ. ಕೆಲಸದಲ್ಲಿ ಚುರುಕು, ಆದರೆ ಬಲು ಅವಸರದ ಹುಡುಗಿ. ಉಳಿದವರು ಅವಳಿಗೆ 'ಸುಣ್ಣದ ಡಬ್ಬಿ' ಎಂದು ಹೆಸರಿಟ್ಟಿದ್ದಾರೆ. ಅವಳು ಬರೆದ ಪ್ರಬಂಧ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಸರ್, ನೋಡಿದ್ರಾ?" ಎನ್ನುತ್ತಾಳೆ. ನೋಡುತ್ತೇನೆ ಎನ್ನುತ್ತೇನೆ.

ನಿನ್ನ ತಮ್ಮ


ಮಾರ್ಚ್ 24

ತಮ್ಮಾ,

ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಈ ಕಡೆಗೂ ಬೆಳಕಿಲ್ಲ, ಆ ಕಡೆಗೂ ಬೆಳಕಿಲ್ಲ. ಬಾ ಎಂದವನು ನೀನೇ, ಬೇಡ ಎನ್ನುವವನೂ ನೀನೇ.

ನಿನ್ನ ಭಾವ ಹೇಳುವುದು, ನಿನಗೆ ಏನೋ ಕಾಯಿಲೆ ಬಂದಿದೆ, ಮುಚ್ಚಿಡುತ್ತಿದ್ದೀಯ ಎಂದು. ಅಪ್ಪನಿಗೆ ಬಂದದ್ದೇ ನಿನಗೂ ಬಂದಿದೆಯೋ? ಬಂದಿದ್ದರೆ ಬರೆದು ಹಾಕು. ನನಗೆ ತೋಚುವುದು ಬೇರೆ. ದೊಡ್ಡ ದೊಡ್ಡವರು ಕೂರುವ ಸಾಲಿನಲ್ಲಿ ಕಿವುಡಿ ದರ್ಜಿ ಅಕ್ಕನನ್ನು ಕೂರಿಸಲು ನಾಚಿಕೆ ಎನ್ನುವುದಾದರೆ ಅದನ್ನೂ ಬರೆದುಬಿಡು. ಬೇಜಾರಾಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಬೇಜಾರಾಗಿ ಸುಮ್ಮನಾಗುತ್ತೇನೆ.

ನಾನು ಕೇಳಿದ್ದಕ್ಕೆ ಈ ಸಲ ನೀನು ಉತ್ತರ ಕೊಟ್ಟಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು. ಎರಡೇ ಸಾಲಾದರೂ ನೀನು ಗುಡ್ಡದ ಹುಳುವಿನ ಸುದ್ದಿ ಬರೆಯುತ್ತಿದ್ದೆ, ಈ ಸಲ ಬೇಗ ಹೊರಗೆ ಬಂದಿದ್ದಾಳೆ, ಈ ಸಲ ಬಂಡೆ ಸಂದಿಯಲ್ಲಿ ಅಡಗಿದ್ದಾಳೆ ಎಂದು. ಅವಳು ಹೇಗಿದ್ದಾಳೆ?

ಅಕ್ಕ


ಏಪ್ರಿಲ್ 2

ಅಕ್ಕಾ,

ಕಾಯಿಲೆಯೂ ಅಲ್ಲ, ನಾಚಿಕೆಯೂ ಅಲ್ಲ. ಹಾಗೆ ಅಂದುಕೊಂಡೆಯಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ. ನಿಜ ಬರೆದುಬಿಡುತ್ತೇನೆ.

ಆ ಶಿಷ್ಯೆ ಗುಡ್ಡದ ನೆತ್ತಿಯಿಂದ ಗುಬ್ಬಿಯ ಹುಳುಗಳನ್ನು ತಂದು ಎರಡು ಗಾಜಿನ ತೊಟ್ಟಿಯಲ್ಲಿ ಸಾಕಿದಳು. ಒಂದರಲ್ಲಿ ಗುಡ್ಡದ ಮಣ್ಣು ಮಾತ್ರ. ಇನ್ನೊಂದಕ್ಕೆ ಸುಣ್ಣದ ಕಲ್ಲಿನ ಪುಡಿ ಬೆರೆಸಿದಳು. ಮಣ್ಣಿನ ತೊಟ್ಟಿಯವು ಹಾಗೇ ಇದ್ದು ಒಂದೊಂದಾಗಿ ಸತ್ತವು. ಸುಣ್ಣ ತಿಂದವು ಬೆಳೆದವು. ಬೆಳೆದು, ಚಿಪ್ಪು ದಪ್ಪವಾಗಿ, ಗುಡ್ಡದ ಬುಡದ ಸಾಮಾನ್ಯ ಹುಳುವೇ ಆದವು. ವಂಶವಾಹಿ ಪರೀಕ್ಷೆಯನ್ನೂ ಮಾಡಿಸಿದ್ದಾಳೆ. ಅದರಲ್ಲೂ ಅದೇ ಉತ್ತರ.

ಅಂದರೆ ಅದು ಬೇರೆ ಜಾತಿಯೇ ಅಲ್ಲ. ಪ್ರತಿವರ್ಷ ಬುಡದಿಂದ ಮರಿಗಳು ಮೇಲೆ ಹತ್ತುತ್ತವೆ. ಅಲ್ಲಿ ಸುಣ್ಣವಿಲ್ಲದೆ ಬೆಳೆಯಲಾರದೆ ಸಾಯುತ್ತವೆ. ಮುಂದಿನ ವರ್ಷ ಬೇರೆ ಮರಿಗಳು ಹತ್ತುತ್ತವೆ. ನಾನು ಅವುಗಳದ್ದೆಂದು ಬರೆದ ಮೊಟ್ಟೆಗಳು ಬೇರೊಂದು ಹುಳುವಿನವು. ನಾನು ಜಗತ್ತಿಗೆಲ್ಲ ತೋರಿಸಿ, ಗುಬ್ಬಿಯ ಹೆಸರಿಟ್ಟು, ಗೆಲುವು ಎಂದು ಸಾರಿದ್ದು ಬೆಳೆಯುವ ಮೊದಲೇ ಸತ್ತ ಮರಿಗಳನ್ನು.

ಈ ಸಣ್ಣ ಪರೀಕ್ಷೆಯನ್ನು ನೀವೇಕೆ ಮಾಡಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಮಾಡಬೇಕೆನಿಸಲಿಲ್ಲ, ಅಷ್ಟೆ.

ನಮ್ಮ ಕಸುಬಿನ ಕಟ್ಟಳೆ ಹೇಗಿದೆ ಎಂದರೆ, ಒಮ್ಮೆ ಇಟ್ಟ ಹೆಸರನ್ನು ಅಳಿಸುವುದಿಲ್ಲ. ಆದರೆ ಗುಬ್ಬಿಯ ಹೆಸರನ್ನು ಸಾಮಾನ್ಯ ಹುಳುವಿನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಇದೂ ಅದೇ' ಎಂದು ಸೇರಿಸುತ್ತಾರೆ. ಇನ್ನು ಮುಂದೆ ಯಾರೂ ಅದನ್ನು ಬಳಸುವುದಿಲ್ಲ. ಆ ಬಳಗದ ಬೇರೆ ಹುಳುವಿಗೆ ಮತ್ತೆ ಅದೇ ಹೆಸರನ್ನು ಇಡಲೂ ಬರುವುದಿಲ್ಲ.

ನನ್ನ ಸಹಿಯಿಲ್ಲದೆ ಆ ಪ್ರಬಂಧ ಹೊರಗೆ ಹೋಗುವಂತಿಲ್ಲ. ಹೋಗದಿದ್ದರೆ ಈ ತಿಂಗಳ ಕೊನೆಗೆ ಅವಳ ಕೆಲಸ ಮುಂದುವರಿಯುವುದೂ ಕಷ್ಟ, ಅದು ಗೊತ್ತು. ಆದರೂ ಸಮಾರಂಭ ಮುಗಿಯುವವರೆಗೆ ತಡೆದಿದ್ದೇನೆ. ಲೋಕದಲ್ಲಿ ಗುಬ್ಬಿಯದ್ದು ಅಂತ ಉಳಿದಿರುವುದು ಆ ಹೆಸರೊಂದೇ, ಅದೂ ಹೋದರೆ ನೀನು ತಡೆದುಕೊಳ್ಳುವುದಿಲ್ಲ. ಪದಕ ನನಗೆ ಒಂದು ನೆಪ. ಇದೆಲ್ಲ ನಿನಗೋಸ್ಕರ, ಅಕ್ಕಾ.

ನಿನ್ನ ತಮ್ಮ


ಏಪ್ರಿಲ್ 12

ತಮ್ಮಾ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಮೊದಲ ದಿನ ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಆದ್ದರಿಂದ ಅದರ ಜೊತೆಯಲ್ಲೇ ಬರೆಯುತ್ತಿದ್ದೇನೆ.

ನನಗೋಸ್ಕರ ಎನ್ನಬೇಡ. ನಾನು ಕೇಳಿದ್ದೆನೇ? ಹೆಸರಿಡುವಾಗಲೂ ನನ್ನನ್ನು ಕೇಳಲಿಲ್ಲ. ಗುಬ್ಬಿ ಹೋದ ಮರುವರ್ಷ, ಅಚ್ಚಾದ ಪುಸ್ತಕವನ್ನೇ ತಂದು ಕೈಗಿಟ್ಟೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ. ಪದಕ ಬೇಕಿರುವುದು ನಿನಗೆ. ಬೇಕೆಂದರೆ ತೆಗೆದುಕೋ, ಆದರೆ ನನ್ನ ಮಗಳನ್ನು ಅಡ್ಡ ಹಿಡಿದು ತೆಗೆದುಕೊಳ್ಳಬೇಡ.

ಒಂದು ಮಾತು ಇಷ್ಟು ವರ್ಷ ಹೇಳಿರಲಿಲ್ಲ. ನಿನಗೆ ಮೊದಲ ಬಹುಮಾನ ಬಂದಾಗ ನಿನ್ನ ಭಾಷಣ ಕೇಳಲು ಬಂದಿದ್ದೆ. ಆಗಿನ್ನೂ ಕಿವಿ ನೆಟ್ಟಗಿತ್ತು. 'ಬೆಳೆಯದೆ ಇರುವುದೇ ಗೆಲುವು' ಎಂದೆ, ಜನ ಚಪ್ಪಾಳೆ ತಟ್ಟಿದರು. ನಾನು ಕೆಮ್ಮು ಎಂದು ಹೇಳಿ ಎದ್ದು ಹೋಗಿ, ಕೈತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಬೆಳೆಯದೆ ಇರುವುದು ಗೆಲುವಂತೆ! ಎಂಟು ವರ್ಷ ತುಂಬದವಳು ಗೆದ್ದಳಂತೆ! ಮೂರು ಬೆರಳು ಮಡಚಿ ಹೊಲಿದವಳು ನಾನು.

ಹಾಗಾದರೆ ಪ್ರತಿ ಕಾಗದದಲ್ಲೂ 'ಅವಳು ಹೇಗಿದ್ದಾಳೆ' ಎಂದು ಯಾಕೆ ಕೇಳುತ್ತಿದ್ದೆ ಎನ್ನುತ್ತೀಯೇನೋ. ಈ ಮನೆಯಲ್ಲಿ ಅವಳ ಮಾತು ಎತ್ತುವವರು ಯಾರೂ ಇರಲಿಲ್ಲ. ನಿನ್ನ ಭಾವ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಅಕ್ಕಪಕ್ಕದವರು ಮಾತು ಬದಲಾಯಿಸುತ್ತಿದ್ದರು. ನಾನು ಕೇಳಿದರೆ ಉತ್ತರ ಕೊಡುವವನು ನೀನೊಬ್ಬನೇ. ಹುಳುವಿನ ಸುದ್ದಿಯಾದರೂ ಆಗಲಿ, ಅವಳು ಹೊರಗೆ ಬಂದಳು, ಒಳಗೆ ಹೋದಳು ಎಂದು ಬರೆಯುತ್ತಿದ್ದೆಯಲ್ಲ, ಅದಕ್ಕೆ ಕೇಳುತ್ತಿದ್ದೆ.

ಸಾಮಾನ್ಯದವುಗಳ ಕೆಳಗೆ ಸೇರಿಸುತ್ತಾರೆ ಎಂದು ಅಷ್ಟು ದುಃಖದಿಂದ ಬರೆದಿದ್ದೀಯ. ಸೇರಿಸಲಿ ಬಿಡು. ಅವಳು ಸಾಮಾನ್ಯ ಮಗುವೇ. ಎಂಟರ ಮಗ್ಗಿ ಬರುತ್ತಿರಲಿಲ್ಲ. ಮೂಗು ಸೋರುತ್ತಿತ್ತು. ಪೆನ್ಸಿಲ್ ಕದ್ದು ತಂದು ನನ್ನ ಮುಂದೆಯೇ ಸುಳ್ಳು ಹೇಳುತ್ತಿದ್ದಳು.

ಆ ಹುಡುಗಿಯ ಕಾಗದಕ್ಕೆ ಸಹಿ ಹಾಕು, ಸಮಾರಂಭಕ್ಕೆ ಮುಂಚೆ. ಸಹಿ ಹಾಕಿದ ಮೇಲೆ ಕರೆ. ಫೋಟೋ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಅಕ್ಕ


ಮೇ 4

ತಮ್ಮಾ,

ನಿನ್ನ ಉತ್ತರ ಬರಲಿಲ್ಲ, ಪೇಪರು ಬಂತು.

ಫೋಟೋದಲ್ಲಿ ಪದಕ ಚೆನ್ನಾಗಿ ಕಾಣಿಸುತ್ತದೆ. ಕೋಟು ಹೆಗಲ ಹತ್ತಿರ ಸಡಿಲವಾಗಿದೆ, ಇಳಿದಿದ್ದೀಯ. ನೀನು ಅಕ್ಕನ ಮಗಳ ಕಥೆ ಹೇಳಿದಾಗ ಸಭೆ ಎದ್ದು ನಿಂತಿತು ಎಂದು ಬರೆದಿದ್ದಾರೆ. ಸಹೋದರಿ ಅನಾರೋಗ್ಯದಿಂದ ಬರಲಾಗಲಿಲ್ಲ ಎಂದೂ ಇದೆ. ನನಗೆ ಯಾವ ರೋಗ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದಾರೆ. ಏನು ಹೇಳಲಿ ಎಂದು ಬರೆದು ತಿಳಿಸು, ಇಬ್ಬರೂ ಹೇಳುವುದು ಒಂದೇ ರೋಗ ಆಗಿರಲಿ.

ನಿನ್ನ ಭಾವ ಪೇಪರನ್ನು ಮಡಚಿ ಕಿಟಕಿಯ ಮೇಲಿಟ್ಟು, "ಹುಳಾನ ಸ್ಟೇಜ್ ಮೇಲೆ ಕೂರಿಸ್ಲಿಲ್ವಾ?" ಎಂದರು. ಈ ಸಲ ನನಗೆ ನಗು ಬರಲಿಲ್ಲ.

ನನ್ನದೊಂದೇ ಕೋರಿಕೆ ಇದೆ. ಸುಣ್ಣ ತಿಂದು ಬೆಳೆದವು ಎಂದಿದ್ದೆಯಲ್ಲ, ಅವುಗಳಲ್ಲಿ ಒಂದನ್ನು ಕಳಿಸು. ಬೆಳೆದರೆ ಹೇಗಿರುತ್ತದೆ ಎಂದು ನಾನು ನೋಡಬೇಕು.

ಅಕ್ಕ


ಆಗಸ್ಟ್ 19

ಅಕ್ಕಾ,

ಈ ಕಾಗದವನ್ನು ಎಷ್ಟೋ ಸಲ ಶುರುಮಾಡಿ ಹರಿದಿದ್ದೇನೆ.

ಸಮಾರಂಭದ ಮರುದಿನವೇ ಸಹಿ ಹಾಕಿದೆ. ಅಷ್ಟರಲ್ಲಿ ಅವಳ ಕೆಲಸ ಮುಂದುವರಿಸುವ ಸಮಿತಿ ಕೂತು ಎದ್ದಾಗಿತ್ತು. ಅಚ್ಚಾದದ್ದೋ, ಅಚ್ಚಿಗೆ ಹೋದದ್ದೋ, ತೋರಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಸಮಿತಿಯಲ್ಲಿ ನಾನೂ ಇದ್ದೆ. ಚುರುಕಿನ ಹುಡುಗಿ ಎಂದು ಹೇಳಿದೆ, ಅದಕ್ಕಿಂತ ಹೆಚ್ಚು ಹೇಳಲು ಹೋದರೆ ಪ್ರಬಂಧ ಎಲ್ಲಿದೆ ಎಂದು ಕೇಳುತ್ತಿದ್ದರು. ಈಗ ಅವಳು ಔಷಧಿ ಕಂಪನಿಯ ಬ್ಯಾಗು ಹಿಡಿದು ಡಾಕ್ಟರುಗಳ ಬಾಗಿಲಲ್ಲಿ ಕಾಯುತ್ತಾಳಂತೆ.

ಹೋಗುವ ದಿನ ಗಾಜಿನ ತೊಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. "ದಿನಾ ಸ್ವಲ್ಪ ನೀರು ಚಿಮುಕಿಸ್ತಾ ಇರಿ ಸರ್. ಒಣಗಿದ್ರೆ ಬಾಗಿಲು ಹಾಕ್ಕೊಂಡ್ಬಿಡ್ತವೆ" ಎಂದಳು. ಅಷ್ಟೇ.

ಪ್ರಬಂಧ ಹೋದ ತಿಂಗಳು ಹೊರಬಂತು. ಅವಳ ಹೆಸರು ಮೊದಲು, ನನ್ನದು ಕೊನೆಗೆ. ಪದಕ ವಾಪಸು ಕೇಳುತ್ತಾರೆ ಎಂದು ಹೆದರಿದ್ದೆ. ಅಕಾಡೆಮಿಯ ಕಾರ್ಯದರ್ಶಿ ಫೋನು ಮಾಡಿ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ ಎಂದರು. ಪೇಪರಿನವರು ಬಂದರು. ನಾನು ಅವಳ ಹೆಸರು ಹೇಳಿದೆ, ಅವರು ಬರೆದುಕೊಂಡರು, ಅಚ್ಚಾದಾಗ ಇರಲಿಲ್ಲ. ಚಳಿಗಾಲದಲ್ಲಿ ಇನ್ನೊಂದು ದೊಡ್ಡ ಉಪನ್ಯಾಸಕ್ಕೆ ಕರೆದಿದ್ದಾರೆ. ವಿಷಯ, ವಿಜ್ಞಾನಿಯ ಪ್ರಾಮಾಣಿಕತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಅಮ್ಮ ಹೇಳುತ್ತಿದ್ದಳಲ್ಲ. ಇಲ್ಲಿ ಬರೆ ಎಮ್ಮೆಗೆ, ಹಾರ ಎತ್ತಿಗೆ. ಬರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಯಾಕೆ ಒಪ್ಪಿಕೊಂಡೆ ಎಂದು ನನ್ನನ್ನು ಕೇಳಬೇಡ.

ತೊಟ್ಟಿಯಲ್ಲಿ ಉಳಿದಿರುವುದು ಒಂದೇ. ನೀರು ಚಿಮುಕಿಸುವುದನ್ನು ನಾನು ಮರೆತ ದಿನಗಳಿದ್ದವು. ಅದನ್ನು ಲ್ಯಾಬಿನ ಡ್ರೈವರನ ಕೈಯಲ್ಲಿ, ಒದ್ದೆ ಹತ್ತಿಯಲ್ಲಿಟ್ಟು ಕಳಿಸುತ್ತಿದ್ದೇನೆ. ನೀನು ಏಪ್ರಿಲ್‌ನಲ್ಲಿ ಬರೆದ ಕಾಗದ ಸಮಾರಂಭಕ್ಕೆ ಮುಂಚೆಯೇ ತಲುಪಿತ್ತು.

ನಿನ್ನ ತಮ್ಮ


ಸೆಪ್ಟೆಂಬರ್ 1

ತಮ್ಮಾ,

ಡ್ರೈವರು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದೆ ಎಂದ. ಹತ್ತಿ ಬಿಡಿಸಿದಾಗ ಚಿಪ್ಪಿನ ಬಾಯಿ ಮುಚ್ಚಿತ್ತು. ಸತ್ತಿದೆ ಎಂದುಕೊಂಡೆ. ನಿನ್ನ ಭಾವ ಅಂಗೈಯಲ್ಲಿ ನೀರು ತಂದು ಅದರ ಮೇಲೆ ಬಿಟ್ಟರು, ಸ್ಟೂಲು ಎಳೆದುಕೊಂಡು ಮುಂದೆ ಕೂತರು. ಬಹಳ ಹೊತ್ತಾದ ಮೇಲೆ ಮೊದಲು ಒಂದು ಕೊಂಬು, ಆಮೇಲೆ ಇನ್ನೊಂದು ಹೊರಗೆ ಬಂತು.

"ಇದಕ್ಕಿನ್ನೂ ಸುಣ್ಣ ಬೇಕಾ?" ಎಂದು ಕೇಳಿದರು, ನನಗೆ ಕೇಳಿಸುವ ಹಾಗೆ ಜೋರಾಗಿ. ಬೇಡ, ಇದು ಬೆಳೆದಾಗಿದೆ ಎಂದೆ. ಆದರೂ ಎದ್ದು ಹೋಗಿ ಕೋಳಿಮೊಟ್ಟೆಯ ಚಿಪ್ಪನ್ನು ಕುಟ್ಟಿ ಪುಡಿ ಮಾಡಿ ತಂದು ಅದರ ಪಕ್ಕ ಇಟ್ಟರು. ಅಂದಿನಿಂದ ದಿನಾ ಇಡುತ್ತಾರೆ. ನಿನ್ನೆ ನೀರು ಚಿಮುಕಿಸುತ್ತ ಏನೋ ಹೇಳುತ್ತಿದ್ದರು, ಬೆನ್ನು ನನ್ನ ಕಡೆಗಿತ್ತು, ಕೇಳಿಸಲಿಲ್ಲ. ತಿರುಗಿದಾಗ ಕಣ್ಣು ಒರೆಸಿಕೊಂಡರು.

ನೀನು ಇಷ್ಟು ಭಾಷಣ ಮಾಡಿದೆ, ಒಂದು ವಿಷಯ ಮಾತ್ರ ಯಾವತ್ತೂ ಹೇಳಲಿಲ್ಲ. ಬೆಳೆದ ಹುಳುವಿನ ಚಿಪ್ಪಿನ ಅಂಚು ಹೊರಕ್ಕೆ ಮಡಚಿಕೊಂಡಿರುತ್ತದೆ. ನನ್ನ ಹತ್ತಿರ ಬೆಂಕಿಪೊಟ್ಟಣದಲ್ಲಿ ನೀನು ಕೊಟ್ಟ ಗುಬ್ಬಿಯ ಚಿಪ್ಪಿದೆಯಲ್ಲ, ಅದಕ್ಕೆ ಅಂಚೇ ಇಲ್ಲ, ಹಾಗೇ ಬ್ಲೇಡಿನಂತೆ ಮುಗಿದುಬಿಡುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಬೆಳೆದು ಮುಗಿದ ಮೇಲೆ ಮಡಿಕೆ ಹಾಕುವುದು ಆ ಹುಳುವಿನ ಕ್ರಮ. ನಾವು ಮೊದಲೇ ಹಾಕಿ ಕಾಯುತ್ತೇವೆ.

ಆವತ್ತು ಟ್ರಂಕು ತೆಗೆದು ಅವಳ ಫ್ರಾಕಿನ ಮಡಿಕೆ ಬಿಚ್ಚಿದೆ. ದಾರ ಹಳತಾಗಿತ್ತು, ಎಳೆದ ಕೂಡಲೆ ಬಂತು. ಹೊರಗಿನ ಬಟ್ಟೆಯೆಲ್ಲ ಒಗೆದೊಗೆದು ಬಿಳಿಚಿಕೊಂಡಿದೆ. ಮಡಿಕೆಯೊಳಗಿನ ಮೂರು ಬೆರಳು ನೀಲಿ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಇದೆ. ಇಸ್ತ್ರಿ ಮಾಡಿ ಮತ್ತೆ ಟ್ರಂಕಿಗೆ ಹಾಕಿದೆ.

ಉಪನ್ಯಾಸಕ್ಕೆ ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ಹೋದರೆ ಕೋಟನ್ನು ಹೆಗಲ ಹತ್ತಿರ ಹಿಡಿಸಿಕೋ. ಗುಬ್ಬಿಯ ಕಥೆ ಮಾತ್ರ ಇನ್ನು ಯಾವ ಸಭೆಯಲ್ಲೂ ಹೇಳಬೇಡ.

ಕೊನೆಗೆ ಮಾಮೂಲು ಪ್ರಶ್ನೆ. ಗುಬ್ಬಿಯ ಸುದ್ದಿ ಇನ್ನು ನಿನ್ನನ್ನು ಕೇಳುವುದಿಲ್ಲ. ಆ ಹುಡುಗಿ ಹೇಗಿದ್ದಾಳೆ?

ಅಕ್ಕ